ಆಳ ಕೂಗುವ ಮಾವ

ನಮ್ಮ ಸೋದರಮಾವ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಮುದ್ರದ ಮೇಲೆ ದುಡಿದವರು. ಅವರಿಗೆ ಈಜು ಬರುವುದಿಲ್ಲ. ಈಜು ಹಾಗಿರಲಿ, ಬಚ್ಚಲಲ್ಲಿ ತಲೆಯ ಮೇಲೆ ಎರಡು ಚೊಂಬು ನೀರು ಒಟ್ಟಿಗೆ ಬಿದ್ದರೆ ಗೋಡೆ ಹಿಡಿದುಕೊಂಡು ಉಸಿರಿಗೆ ಒದ್ದಾಡುತ್ತಾರೆ. ಇಂಥವರಿಗೆ ಬಂದರಿನಲ್ಲಿ ಯಾವ ಕೆಲಸ ಕೊಟ್ಟಿದ್ದರು ಗೊತ್ತೇ? ಸಮುದ್ರದ ಆಳ ಅಳೆಯುವುದು!

ಇದನ್ನು ನಾನು ಎಲ್ಲಿ ಹೇಳಿದರೂ ಜನ ನಗುತ್ತಿದ್ದರು. ನಗಲೆಂದೇ ನಾನೂ ಹೇಳುತ್ತಿದ್ದೆ. ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ, ಕಲ್ಯಾಣದುರ್ಗದ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ, ಎಷ್ಟು ಸಲ ಹೇಳಿದ್ದೇನೋ ನನಗೇ ನೆನಪಿಲ್ಲ. ಈಗಲೂ ಹೇಳುತ್ತೇನೆ, ಆದರೆ ಮೊದಲಿನಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. ಯಾಕೆಂದು ಹೇಳುವುದಕ್ಕೇ ಈ ಸಲ ಬರೆಯಲು ಕೂತಿದ್ದೇನೆ.

ಮಾವನದು ಬೆಳುಗುಪ್ಪದ ಹತ್ತಿರದ ಹಳ್ಳಿ. ನಮ್ಮಮ್ಮನ ಬೆನ್ನಿಗೆ ಬಿದ್ದ ತಮ್ಮ. ಮನೆಯಲ್ಲಿ ಆಸ್ತಿ ಎಂದರೆ ಕುರಿ, ಮತ್ತು ಕುರಿಗಳನ್ನು ಕೂಗಿ ಕೂಗಿ ಬಲಿತ ಮಾವನ ಗಂಟಲು. ಈ ಗುಡ್ಡದಲ್ಲಿ ನಿಂತು ಅವರು ಕೂಗಿದರೆ ಆ ಗುಡ್ಡದ ಕುರಿಗಳು ತಲೆ ಎತ್ತುತ್ತಿದ್ದವಂತೆ. ಪಕ್ಕದ ಊರಿನವರ ಕುರಿಗಳೂ ಎದ್ದು ಬಂದುಬಿಡುತ್ತಿದ್ದವು, ಅದಕ್ಕೇ ವಾರಕ್ಕೊಂದು ಜಗಳ ಆಗುತ್ತಿತ್ತು ಎಂದು ನಮ್ಮಮ್ಮ ಹೇಳುತ್ತಿದ್ದಳು. ನಮ್ಮಮ್ಮನ ಮಾತಿನಲ್ಲಿ ಅರ್ಧ ಕಳೆದರೂ ಗಂಟಲು ದೊಡ್ಡದೇ.

ಮಾವನಿಗೆ ಇಪ್ಪತ್ತು ವರ್ಷವಾಗಿದ್ದಾಗ ಒಬ್ಬ ಮೇಸ್ತ್ರಿ ನಮ್ಮ ಕಡೆಯ ಊರುಗಳಿಂದ ಕಲ್ಲು ಕೆಲಸದವರನ್ನು ಕೂಡಿಸಿಕೊಂಡು ಪೂರ್ವದ ಕರಾವಳಿಗೆ ಹೊರಟ. ಅಲ್ಲೊಂದು ಬಂದರು. ಅದರ ಹೆಸರು ಇಲ್ಲಿ ಬೇಡ. ಇನ್ನೂ ದೊಡ್ಡ ಹಡಗುಗಳು ಬಂದು ನಿಲ್ಲಲೆಂದು ಅದನ್ನು ಆಗ ಹಿಗ್ಗಿಸುತ್ತಿದ್ದರು. ಅಲೆ ತಡೆಯುವುದಕ್ಕೆ ಸಮುದ್ರದೊಳಗೇ ಬಂಡೆ ಸುರಿದು ಗೋಡೆ ಎಬ್ಬಿಸುವ ಕೆಲಸ. ಕುರಿ ಬಿಟ್ಟು ಮಾವನೂ ಹೋದರು. ಒಂದು ದಿನ ಲಾರಿಯಿಂದ ಬಂಡೆಯೊಂದು ಜಾರತೊಡಗಿತು. ಕೆಳಗೆ ನಿಂತವರಿಗೆ ಮಾವ ಕೂಗಿ ಹೇಳಿದರು. ಕೆಳಗಿನವರು ಸರಿದರು, ಬಂಡೆ ಬಿತ್ತು, ಅಷ್ಟೇ. ಆದರೆ ಆ ಕೂಗು ದೂರದಲ್ಲಿ ಮೋಟಾರು ದೋಣಿಯೊಂದರಲ್ಲಿ ಕೂತಿದ್ದ ಸಾಹೇಬರಿಗೆ, ಎಂಜಿನ್ನಿನ ಸದ್ದನ್ನೂ ಮೀರಿ ಕೇಳಿಸಿತ್ತು. ಅವರು ಸಮುದ್ರದ ಆಳ ಅಳೆದು ನಕ್ಷೆ ಮಾಡುವವರು. ದಡಕ್ಕೆ ಬಂದವರೇ ಆ ಗಂಟಲು ಯಾರದು ಎಂದು ವಿಚಾರಿಸಿದರು. ಮಾವನನ್ನು ಮುಂದೆ ತಳ್ಳಿದರು. ಈಜು ಬರುತ್ತದೆಯೇ ಎಂದು ಸಾಹೇಬರು ಕೇಳಿದ್ದಕ್ಕೆ ಮಾವ, ಈಜುವಷ್ಟು ನೀರು ನಮ್ಮೂರಲ್ಲಿ ಇದ್ದಿದ್ದರೆ ನಾನು ಇಲ್ಲಿಗೆ ಯಾಕೆ ಬರುತ್ತಿದ್ದೆ ಎಂದರಂತೆ. ಮಾರನೆಯ ದಿನದಿಂದ ಅವರು ಆ ದೋಣಿಯ ಖಲಾಸಿ.

ಕೆಲಸ ಹೀಗೆ. ದೋಣಿಯ ಮೂತಿಯಲ್ಲಿ ನಿಂತು ಹಗ್ಗದ ತುದಿಗೆ ಕಟ್ಟಿದ ಸೀಸದ ಗುಂಡನ್ನು ನೀರಿಗೆ ಬಿಡಬೇಕು. ಹಗ್ಗಕ್ಕೆ ಮಾರು ಮಾರಿಗೆ ಒಂದೊಂದು ಗುರುತು, ಒಂದು ಕಡೆ ಚರ್ಮದ ಪಟ್ಟಿ, ಇನ್ನೊಂದು ಕಡೆ ಕೆಂಪು ಬಟ್ಟೆಯ ಚೂರು. ಗುಂಡು ತಳ ಮುಟ್ಟಿದಾಗ ಎಷ್ಟು ಮಾರು ಇಳಿಯಿತು ಎಂದು ನೋಡಬೇಕು. ಗುಂಡಿನ ಬುಡದಲ್ಲಿ ಸಣ್ಣ ಗುಳಿ, ಅದರಲ್ಲಿ ಕೊಬ್ಬು ಮೆತ್ತಿರುತ್ತಾರೆ. ಮೇಲಕ್ಕೆಳೆದಾಗ ಆ ಕೊಬ್ಬಿಗೆ ಮರಳು ಅಂಟಿದ್ದರೆ ತಳದಲ್ಲಿ ಮರಳು, ಕೆಸರು ಅಂಟಿದ್ದರೆ ಕೆಸರು, ಏನೂ ಅಂಟದಿದ್ದರೆ ಬಂಡೆ. ಅದನ್ನು ಹಿಂದೆ ಕೂತ ಸಾಹೇಬರಿಗೆ ಕೇಳುವಂತೆ ತೆಲುಗಿನಲ್ಲಿ ಕೂಗಬೇಕು. "ಆರು ಬಾರಲು... ಬುರದ" ಎಂದರೆ ಆರು ಮಾರು ಆಳ, ತಳದಲ್ಲಿ ಕೆಸರು; ಬಂಡೆಯಾದರೆ "ರಾಯಿ". ಸಾಹೇಬರು ಬರೆದುಕೊಳ್ಳುತ್ತಾರೆ. ದೋಣಿ ಮುಂದಕ್ಕೆ ಹೋಗುತ್ತದೆ. ಮತ್ತೆ ಗುಂಡು, ಮತ್ತೆ ಕೂಗು. ಹೀಗೆ ಮೂವತ್ತು ವರ್ಷ.

ಆ ಬಂದರಿನ ಚರಿತ್ರೆಯನ್ನು ಮಾವನ ಬಾಯಲ್ಲೇ ಕೇಳಬೇಕು. ಅವರ ಪ್ರಕಾರ ಅದು ಮುಗಿಯದ ಕಥೆ. ಮೊದಮೊದಲು ಹಡಗುಗಳು ದೂರದಲ್ಲೇ ನಿಲ್ಲುತ್ತಿದ್ದವು, ನಾಡದೋಣಿಗಳು ಹೋಗಿ ಸರಕು ಇಳಿಸಿಕೊಂಡು ಬರುತ್ತಿದ್ದವು. ಆಮೇಲೆ ಕಾಲುವೆ ತೋಡಿದರು, ಹಡಗು ಒಳಗೆ ಬಂತು. ಅಷ್ಟರಲ್ಲಿ ಅದಕ್ಕಿಂತ ದೊಡ್ಡ ಹಡಗು ಹುಟ್ಟಿತು, ಅದು ಬಾಗಿಲಲ್ಲೇ ನಿಂತಿತು. ಇನ್ನೂ ಆಳ ತೋಡಿದರು, ಇನ್ನೂ ಅಗಲ ಮಾಡಿದರು, ಸಮುದ್ರದ ಒಳಗೇ ಗೋಡೆ ಕಟ್ಟಿ ಹೊರಗೊಂದು ಹೊಸ ಬಂದರು ಮಾಡಿದರು. ಇನ್ನು ಸಾಕು ಎನ್ನುವಾಗ ಅದನ್ನೂ ಮೀರಿಸಿದ್ದು ಬಂತು.

"ಹಡಗಿನೋರು ಬಂದರು ನೋಡ್ಕಂಡು ಹಡಗು ಕಟ್ತಾರೋ, ಬಂದರಿನೋರು ಹಡಗು ನೋಡ್ಕಂಡು ತೋಡ್ತಾರೋ, ನಂಗಂತೂ ರಿಟೈರಾಗೋವರ್ಗೂ ಗೊತ್ತಾಗ್ಲಿಲ್ಲ ಕಣ್ಲಾ" ಎನ್ನುತ್ತಿದ್ದರು.

ಕೊನೆಗೆ ಸದ್ದು ಕಳಿಸಿ ಆಳ ಹೇಳುವ ಯಂತ್ರ ಬಂತು. ಆದರೂ ಮಾವನನ್ನು ತೆಗೆಯಲಿಲ್ಲ, ಯಂತ್ರ ಸರಿಯಾಗಿ ಹೇಳುತ್ತಿದೆಯೇ ಎಂದು ನೋಡಲು ಇಟ್ಟುಕೊಂಡರು. ಈ ಮಾತು ಬಂದಾಗ ಮಾವನ ಎದೆ ಎರಡು ಅಂಗುಲ ಹಿಗ್ಗುತ್ತಿತ್ತು.

ನಿವೃತ್ತಿಯಾದ ಮೇಲೆ ಅವರು ಅತ್ತೆಯ ತವರೂರು ಹಿಂದೂಪುರಕ್ಕೆ ಬಂದು ಮನೆ ಕಟ್ಟಿಸಿದರು. ಎರಡು ಕೋಣೆ, ಒಂದು ಅಡುಗೆ ಮನೆ. ಆದರೆ ಮುಂಬಾಗಿಲು ಎಂಟು ಅಡಿ ಅಗಲ! ಇಷ್ಟು ಪುಟ್ಟ ಮನೆಗೆ ಇದೇಕೆ ಎಂದು ಕೆಲಸದವನು ಕೇಳಿದರೆ, ನಾಳೆ ದೊಡ್ಡದು ಬಂದರೆ ಆಗ ಒಡೆಯುತ್ತೀಯಾ ಎಂದು ಅವನನ್ನೇ ಗದರಿಸಿದರು. ಏನು ದೊಡ್ಡದು, ಎಲ್ಲಿಂದ ಬರುತ್ತದೆ ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ. ಮೊದಲ ವರ್ಷವೆಲ್ಲ ಇದು ರೇಷನ್ ಡಿಪೋವೇ ಎಂದು ಜನ ಚೀಲ ಹಿಡಿದು ಬಂದು ಕೇಳುತ್ತಿದ್ದರು. ಒಂದು ಬೆಳಗ್ಗೆ ಎರಡು ಹಸುಗಳು ಜೋಡಿಯಾಗಿ ಒಳಗೆ ನಡೆದು ಬಂದವು. ಅತ್ತೆ ಪೊರಕೆ ಹಿಡಿದು ಓಡಿ ಬಂದರೆ, ಮಾವ ಕುರ್ಚಿಯಿಂದ ಏಳದೆ, ಒಂದಕ್ಕೊಂದು ತಾಗದೆ ಹೇಗೆ ಬಂದವು ನೋಡು ಎಂದು ಹಿಗ್ಗಿದರು.

ಅವರ ಬೀದಿಗೆ ಒಮ್ಮೆ ಬೋರ್‌ವೆಲ್ ಲಾರಿ ಬಂತು. ಬೀದಿ ಸಣ್ಣದು, ಲಾರಿ ದೊಡ್ಡದು. ಇಂಥ ಅವಕಾಶವನ್ನು ಮಾವ ಬಿಡುವುದುಂಟೇ? ಹೆಗಲ ಮೇಲಿದ್ದ ಟವೆಲ್ ಕೈಗೆ ತೆಗೆದುಕೊಂಡು ಲಾರಿಯ ಮುಂದೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ, ಎಡಕ್ಕೆ ಎಷ್ಟು ಅಡಿ ಬಲಕ್ಕೆ ಎಷ್ಟು ಅಡಿ ಎಂದು ಕೂಗುತ್ತಾ, ಒಂದು ಗೋಡೆಗೂ ತಾಗಿಸದೆ ಅದನ್ನು ಬೀದಿಯ ಕೊನೆಗೆ ತಂದು ನಿಲ್ಲಿಸಿದರು. ಜನ ಚಪ್ಪಾಳೆ ತಟ್ಟಿದರು. ಕೆಲಸ ಮುಗಿದ ಮೇಲೆ ಲಾರಿ ಹೊರಗೆ ಹೋಗಲು ಆಗಲಿಲ್ಲ. ತಿರುಗಿಸಲು ಜಾಗವಿಲ್ಲ, ಹಿಂದೆ ಬಿಡಲು ಡ್ರೈವರನಿಗೆ ಧೈರ್ಯವಿಲ್ಲ. ಅವನು ಮಾವನ ಹತ್ತಿರ ಬಂದ. ಮಾವ ಆಗಲೇ ಮಜ್ಜಿಗೆ ಕುಡಿಯುತ್ತಾ ಕೂತಿದ್ದರು.

"ಒಳಕ್ ತರೋದಷ್ಟೇ ನನ್ ಕೆಲ್ಸ ಕಣಪ್ಪ. ಆಚೆಗ್ ಕಳ್ಸೋದು ಬೇರೆ ಡಿಪಾರ್ಟ್‌ಮೆಂಟು" ಎಂದರು.

ಹೂ ಮಾರುವ ಹೆಂಗಸಿನೊಂದಿಗೆ ನಡೆಯುತ್ತಿದ್ದದ್ದಂತೂ ದಿನದ ಜಗಳ. ಆಕೆ ಕೈ ಚಾಚಿ ಮಾರು ಹಾಕಿ ಹೂ ಕೊಡುತ್ತಿದ್ದಳು, ಆಕೆಯ ಕೈಗಳೋ ಗಿಡ್ಡ. ನಿನ್ನ ಮಾರು ನಂಬಿಕೊಂಡು ಹೋದರೆ ಹಡಗು ತಳ ಕಚ್ಚುತ್ತದೆ ಎಂದು ಮಾವ. ಮಲ್ಲಿಗೆ ಮುಡಿಯುವ ಹಡಗು ಇದ್ದರೆ ಕರಕೊಂಡು ಬಾ, ಅದಕ್ಕೆ ಬೇರೆ ಅಳತೆ ಹಾಕುತ್ತೇನೆ ಎಂದು ಅವಳು. ಅತ್ತೆಗೆ ಹೂ ಸಿಗುವಷ್ಟರಲ್ಲಿ ಹೂ ಬಾಡಿರುತ್ತಿತ್ತು.

ಇವೆಲ್ಲಕ್ಕಿಂತ ಹೆಸರಾದದ್ದು ನನ್ನ ತಂಗಿಯ ಮದುವೆಯ ಸಾರಿನ ಪ್ರಸಂಗ. ಬಡಿಸುವವರು ಸಾಲದೆ ಮಾವನೂ ಸೌಟು ಹಿಡಿದಿದ್ದರು. ದೊಡ್ಡ ಹಂಡೆ. ಸೌಟನ್ನು ನಿಧಾನವಾಗಿ ತಳ ಮುಟ್ಟುವವರೆಗೆ ಇಳಿಸಿ, ಮೇಲಕ್ಕೆತ್ತಿ, ಅದರ ಬೆನ್ನಿಗೆ ಅಂಟಿದ್ದನ್ನು ಬೆರಳಿನಿಂದ ಉಜ್ಜಿ ನೋಡಿ, ಇಡೀ ಛತ್ರಕ್ಕೆ ಕೇಳುವಂತೆ ಕೂಗಿದರು. ಕಾಲು ಮಾರು, ತಳದಲ್ಲಿ ಬೇಳೆ! ಊಟಕ್ಕೆ ಕೂತವರೆಲ್ಲ ಎಲೆ ಬಿಟ್ಟು ನಕ್ಕರು. ಗಂಡಿನ ಕಡೆಯ ಹಿರಿಯರೊಬ್ಬರು ಮಾತ್ರ ನಗದೆ, ಹಾಗಾದರೆ ತಳದಿಂದಲೇ ಬಡಿಸಿ ಎಂದು ಎಲೆ ಮುಂದಕ್ಕೆ ತಳ್ಳಿದರು.

ಇಷ್ಟು ಸರಕು ಕೈಯಲ್ಲಿದ್ದರೆ ಯಾರು ಸುಮ್ಮನಿರುತ್ತಾರೆ? ನಾನು ಸೋಷಿಯಲ್ ಮೇಷ್ಟ್ರು. ಕ್ಲಾಸಿನಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ಮಕ್ಕಳನ್ನು ಗದರುವಾಗ ಎರಡೂ. ಮಾತು ಮಾರಿಯೇ ಬದುಕುವವನು. ಮಾವನ ಕಥೆಗಳನ್ನು ನಾನು ಬರೀ ಹೇಳುತ್ತಿರಲಿಲ್ಲ, ಆಡಿ ತೋರಿಸುತ್ತಿದ್ದೆ. ಸ್ಟಾಫ್ ರೂಮಿನ ಬೆಂಚಿನ ಮೇಲೆ ನಿಂತು, ಕಿಟಕಿಯ ಪರದೆಯ ದಾರಕ್ಕೆ ಡಸ್ಟರ್ ಕಟ್ಟಿ ಕೆಳಕ್ಕೆ ಬಿಟ್ಟು, ಕಣ್ಣು ಅರ್ಧ ಮುಚ್ಚಿ, ಮಾವನ ಹಾಗೆಯೇ ಕತ್ತು ಉಬ್ಬಿಸಿ ಕೂಗುತ್ತಿದ್ದೆ. ಲೆಕ್ಕದ ಮೇಷ್ಟ್ರು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಹೊಸದಾಗಿ ವರ್ಗವಾಗಿ ಬಂದವರಿಗೆ ಮೊದಲ ವಾರವೇ ನನ್ನ ಮಾವನ ಪರಿಚಯವಾಗಿಬಿಡುತ್ತಿತ್ತು. ಮಾವನನ್ನು ನೋಡಿದವರು ಮಾತ್ರ ಅವರಲ್ಲಿ ಒಬ್ಬರೂ ಇರಲಿಲ್ಲ.

ನಾಲ್ಕು ವರ್ಷಗಳ ಹಿಂದಿನ ಮಾತು. ಎಂಟನೆಯ ತರಗತಿಗೆ ಬಂದರುಗಳ ಪಾಠ ಮಾಡಬೇಕಿತ್ತು. ಸಮುದ್ರವನ್ನೇ ನೋಡದ ಮಕ್ಕಳು. ಸೆಟ್ಟೂರು, ಕಂಬದೂರಿನ ಕಡೆಯಿಂದ ಬರುವವರು. ಅವರಿಗೆ ಹಡಗು ಎಂದರೆ ಪುಸ್ತಕದ ಚಿತ್ರ. ಲೆಕ್ಕದ ಮೇಷ್ಟ್ರು, ನಿಮ್ಮ ಮಾವನನ್ನೇ ಕರೆಸಿ, ನಾವೂ ಒಮ್ಮೆ ಕಣ್ಣಾರೆ ನೋಡುತ್ತೇವೆ ಎಂದರು. ನನಗೂ ಹೌದಲ್ಲ ಅನ್ನಿಸಿತು. ಪಾಠಕ್ಕೆ ಪಾಠ, ತಮಾಷೆಗೆ ತಮಾಷೆ.

ಮಾವನಿಗೆ ಫೋನ್ ಮಾಡಿ ಕರೆದೆ. ಆಮೇಲೆ ದಿನಕ್ಕೆರಡು ಸಲ ಅವರೇ ಫೋನ್ ಮಾಡತೊಡಗಿದರು. ಮಕ್ಕಳು ಎಷ್ಟು ಜನ, ಕೋಣೆ ಎಷ್ಟು ದೊಡ್ಡದು, ಹೆಣ್ಣು ಮಕ್ಕಳೂ ಇರುತ್ತಾರಾ, ಪ್ರಶ್ನೆ ಕೇಳಲು ಬಿಡುತ್ತೀರಾ. ಹೊರಡುವ ಹಿಂದಿನ ದಿನ ಇನ್ನೊಂದು ಕೇಳಿದರು.

"ನಿಜವಾಗ್ಲೂ ಕೇಳ್ತಾರೇನ್ಲಾ, ಇಲ್ಲಾ ನಗಾಡಕ್ ಕರೀತಿದೀಯಾ?"

"ಕೇಳ್ತಾರೆ ಮಾವ" ಎಂದೆ. ಕೊನೆಯ ಬೆಂಚಿನಲ್ಲಿ ನಮ್ಮ ನಾಲ್ಕು ಜನ ಮೇಷ್ಟ್ರುಗಳೂ ಕೂರುತ್ತಾರೆ ಎಂದು ಹೇಳಲಿಲ್ಲ.

ಬಸ್ಸು ಹನ್ನೊಂದಕ್ಕೆ ಬರುತ್ತದೆ, ನಾನೇ ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಬರುತ್ತೇನೆ ಎಂದಿದ್ದೆ. ಆದರೆ ಮಾವ ಕತ್ತಲಿರುವಾಗಲೇ ಎದ್ದು ಮೊದಲ ಬಸ್ಸು ಹಿಡಿದಿದ್ದರು. ಹತ್ತಕ್ಕೆಲ್ಲ ಕಲ್ಯಾಣದುರ್ಗದಲ್ಲಿ ಇಳಿದು ಆಟೋ ಹಿಡಿದು ಶಾಲೆಗೇ ಬಂದಿದ್ದಾರೆ. ಸ್ಟಾಫ್ ರೂಮಿನ ಹೊರಗಿನ ಜಗಲಿಯ ಮೇಲೆ ಕೂತಿದ್ದಾರೆ. ಅದು ನಮಗೆ ಗೊತ್ತಿಲ್ಲ.

ಒಳಗೆ ಇಂಗ್ಲಿಷ್ ಮೇಡಂ ಹೊಸಬರು. ಇವತ್ತು ಬರುವವರು ಯಾರು, ಏನು ವಿಶೇಷ ಎಂದು ಕೇಳಿದರು. ನಾನು ಬೆಂಚು ಹತ್ತಿದೆ. ಆವತ್ತು ನನ್ನ ಅಭಿನಯಕ್ಕೆ ಎಂದೂ ಇಲ್ಲದ ಕಳೆ ಬಂದಿತ್ತು. ಈಜು ಬರದ್ದು, ಹಸು, ಲಾರಿ, ಸಾರಿನ ಹಂಡೆ, ಎಲ್ಲವನ್ನೂ ಆಡಿದೆ. ಕೊನೆಗೆ ಡಸ್ಟರ್ ಇಳಿಬಿಟ್ಟು ಮಾವನ ಗಂಟಲಿನಲ್ಲಿ ಕೂಗಿದೆ. ಕೋಣೆಯೆಲ್ಲ ನಗು. ಟೀ ತರುವ ಆಯಮ್ಮ ಬಾಗಿಲಲ್ಲಿ ನಿಂತು, ನಗದೆ, ಹೊರಗೆ ಯಾರೋ ದೊಡ್ಡವರು ಆಗಿನಿಂದ ಕೂತಿದ್ದಾರೆ ಸಾರ್ ಎಂದಳು.

ಹೊರಗೆ ಬಂದೆ. ಮಾವ ಬಿಳಿ ಅಂಗಿ, ಇಸ್ತ್ರಿ ಮಾಡಿದ ಪಂಚೆ ಉಟ್ಟಿದ್ದರು. ಕಾಲಿನ ಹತ್ತಿರ ಒಂದು ಕೈಚೀಲ. ಚೀಲದ ಬಾಯಿಂದ ಹಗ್ಗದ ಸುರುಳಿ, ಅದಕ್ಕೆ ಕಟ್ಟಿದ ಕೆಂಪು ಬಟ್ಟೆಯ ಚೂರು ಕಾಣುತ್ತಿತ್ತು. ಯಾವಾಗ ಬಂದೆ ಮಾವ ಎಂದೆ. ಈಗ್ಲೇ ಎಂದರು. ನನ್ನ ಮುಖ ನೋಡಲಿಲ್ಲ. ಅಂಗಿಯ ಕೆಳಗಿನ ಗುಂಡಿಯನ್ನು ಹಾಕಿ ತೆಗೆದು ಮತ್ತೆ ಹಾಕುತ್ತಿದ್ದರು. ಅವರು ಕೇಳಿಸಿಕೊಂಡಿದ್ದಾರೆ ಎಂದು ಆ ಕ್ಷಣವೇ ನನಗೆ ಗೊತ್ತಾಯಿತು. ಕೇಳಿಸಿಕೊಂಡಿಲ್ಲ ಎಂದು ನಂಬುವುದು ಸುಲಭವಾಗಿತ್ತು, ನಂಬಿದೆ.

ಕ್ಲಾಸಿಗೆ ಕರೆದೊಯ್ದೆ. ಮಾವ ಮೇಜಿನ ಪಕ್ಕ ನಿಂತು ಹತ್ತು ನಿಮಿಷ ಮಾತಾಡಿದರು. ಹಡಗು ಬರುತ್ತಿತ್ತು, ತೋಡಿದರು, ದೊಡ್ಡ ಹಡಗು ಬಂತು, ಮತ್ತೆ ತೋಡಿದರು, ಅಗಲ ಮಾಡಿದರು. ಇಷ್ಟೇ. ತೆಲುಗಿನಲ್ಲಿ, ಮುಂದಿನ ಬೆಂಚಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಚೀಲದೊಳಗಿನ ಹಗ್ಗ ತೆಗೆಯಲೇ ಇಲ್ಲ. ಕೂಗಿ ತೋರಿಸಿ ತಾತಾ ಎಂದು ಮಕ್ಕಳು ಕೇಳಿದಾಗ ಗಂಟಲು ಸರಿಯಿಲ್ಲ ಎಂದರು. ಆಗ ಸೆಟ್ಟೂರಿನ ಕಡೆಯ ಒಂದು ಹುಡುಗಿ ಎದ್ದು ನಿಂತು, ಅಗಲ ಮಾಡುವುದಕ್ಕೆ ಅಗೆದಿರಲ್ಲ, ಆ ಜಾಗದಲ್ಲಿ ಯಾರಾದರೂ ಇದ್ದರಾ ಎಂದು ಕೇಳಿದಳು. ಮಾವ ಅವಳನ್ನು ನೋಡಿದರು. ಬಾಯಿ ತೆರೆದರು. ಆಮೇಲೆ ಅವರ ಕಣ್ಣು ಕೊನೆಯ ಬೆಂಚಿಗೆ ಹೋಯಿತು. ಅಲ್ಲಿ ಲೆಕ್ಕದ ಮೇಷ್ಟ್ರು, ಪಕ್ಕದಲ್ಲಿ ಇಂಗ್ಲಿಷ್ ಮೇಡಂ, ನಗುವುದಕ್ಕೆ ತಯಾರಾಗಿ ಕೂತಿದ್ದರು. ಯಾರೂ ಇರಲಿಲ್ಲಮ್ಮ ಎಂದು ಹೇಳಿ ಮಾವ ಚೀಲ ಎತ್ತಿಕೊಂಡರು.

ಊಟಕ್ಕೆ ನಿಲ್ಲಲಿಲ್ಲ. ಮಧ್ಯಾಹ್ನದ ಬಸ್ಸಿಗೇ ಹೊರಟುಹೋದರು. ನಿಮ್ಮ ಮಾವ ನೀವು ಹೇಳಿದ ಹಾಗೆ ಏನೂ ಇಲ್ಲವಲ್ಲ, ಬಹಳ ಗಂಭೀರ ಮನುಷ್ಯ ಎಂದು ಇಂಗ್ಲಿಷ್ ಮೇಡಂ ನಿರಾಸೆಯಿಂದ ಹೇಳಿದರು.

ಆಮೇಲೆ ಮಾವ ಬಂದರಿನ ಮಾತು ಎತ್ತಲಿಲ್ಲ. ಬೀದಿಗೆ ಲಾರಿ ಬಂದರೆ ಒಳಗೆ ಹೋಗಿ ಮಲಗುತ್ತಾರೆ ಎಂದು ಅತ್ತೆ ಫೋನಿನಲ್ಲಿ ಹೇಳಿದರು. ಹೂವಿನವಳು ಎಷ್ಟು ಕೊಟ್ಟರೆ ಅಷ್ಟು ತೆಗೆದುಕೊಳ್ಳುತ್ತಾರೆ. ತಾತನಿಗೆ ಹುಷಾರಿಲ್ಲವಾ ಎಂದು ಆಕೆಯೇ ಮನೆಗೆ ಬಂದು ವಿಚಾರಿಸಿದಳಂತೆ. ನೆಂಟರಿಷ್ಟರೆಲ್ಲ, ಪರವಾಗಿಲ್ಲ, ಈಗ ಮನುಷ್ಯ ಸರಿಹೋದ ಎಂದರು. ಮದುವೆ ಮನೆಗಳಲ್ಲಿ ಎಲ್ಲರಂತೆ ಬಂದು, ಎಲ್ಲರಂತೆ ಉಂಡು, ಎಲ್ಲರಂತೆ ಎದ್ದು ಹೋಗುವ ಮಾವನನ್ನು ನೋಡಿದಾಗ ನನಗೆ ಎಲ್ಲಿ ನಿಲ್ಲಬೇಕೋ ತಿಳಿಯುತ್ತಿರಲಿಲ್ಲ. ಯಾರಾದರೂ ನನ್ನನ್ನು, ಎಲ್ಲಿ ಒಂದು ಸಲ ನಿಮ್ಮ ಮಾವನ ಹಾಗೆ ಕೂಗು ಎಂದರೆ ಜಾಗ ಬಿಟ್ಟು ಏಳುತ್ತಿದ್ದೆ. ಇಷ್ಟಾದರೂ ಹೋಗಿ ಒಂದು ಮಾತು ಹೇಳಲಿಲ್ಲ. ಕಲ್ಯಾಣದುರ್ಗದಿಂದ ಹಿಂದೂಪುರ ಏನು ಪರದೇಶವೇ? ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಸಿಗುತ್ತದೆ. ಪರೀಕ್ಷೆ ಎಂದೆ, ಎಲೆಕ್ಷನ್ ಡ್ಯೂಟಿ ಎಂದೆ, ಜನಗಣತಿಯ ತರಬೇತಿ ಎಂದೆ. ಹೀಗೆ ಮೂರು ವರ್ಷ ದೂಡಿದೆ.

ಹೋದ ವರ್ಷ ಅತ್ತೆಗೆ ಕಣ್ಣಿನ ಆಪರೇಷನ್ ಆಯಿತು. ನೋಡುವ ನೆಪದಲ್ಲಿ ಹೋದೆ. ಊಟವಾಗಿ ಅತ್ತೆ ಮಲಗಿದ್ದರು. ಮಾವ ಹಿಂದಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ನಾನೂ ಕೂತು ಬಿಡಿಸತೊಡಗಿದೆ. ಒಂದು ಮೊರದಷ್ಟು ಬಿಡಿಸಿದ ಮೇಲೆ ಮಾತು ಬಂತು. ಆವತ್ತು ಶಾಲೆಯಲ್ಲಿ ನಾನು ಮಾಡಿದ್ದು ತಪ್ಪಾಯಿತು ಮಾವ ಎಂದೆ.

ಅವರು ಕೈ ನಿಲ್ಲಿಸಲಿಲ್ಲ. "ನೀನು ಚೆನ್ನಾಗೇ ಕೂಗ್ತಿದ್ದೆ. ನಾನೂ ಹಂಗೇ ಕೂಗ್ತಿದ್ದಿದ್ದು" ಎಂದರು. ಇನ್ನೊಂದು ಹಣ್ಣು ಬಿಡಿಸಿ, "ಆ ಹುಡುಗಿ ಕೇಳ್ದಾಗ ಹೇಳ್ಬುಡ್ಬೇಕಾಗಿತ್ತು. ಹಿಂದ್ಗಡೆ ನಿಮ್ಮೋರು ಕುಂತಿದ್ರು" ಎಂದರು.

ಆಮೇಲೆ ಅವರು ಹೇಳಿದ್ದು ಇದು.

ಬಂದರಿನ ಬಾಯಿಯ ದಕ್ಷಿಣಕ್ಕೆ ಒಂದು ಬೆಸ್ತರ ಪಲ್ಲೆ ಇತ್ತಂತೆ, ನಲವತ್ತೋ ಐವತ್ತೋ ಗುಡಿಸಲು. ಸಮುದ್ರ ಕಂಡರೆ ನಡುಗುತ್ತಿದ್ದ ಮಾವನಿಗೆ, ತೂಗುವ ದೋಣಿಯಲ್ಲಿ ಬರಿಗಾಲಲ್ಲಿ ನಿಲ್ಲುವುದನ್ನು, ಒದ್ದೆ ಹಗ್ಗಕ್ಕೆ ಗಂಟು ಹಾಕುವುದನ್ನು ಕಲಿಸಿದವನು ಅಲ್ಲಿಯ ಒಬ್ಬ ಮುದುಕ. ಮಾವ ಆತನನ್ನು ತಾತ ಎನ್ನುತ್ತಿದ್ದರು. ರಜೆಯ ದಿನ ಅವರ ಗುಡಿಸಲಲ್ಲೇ ಊಟ. ಈ ಒಣನೆಲದ ಹುಡುಗನಿಗೆ ಮೀನು ತಿನ್ನಲು ಬರುವುದಿಲ್ಲ ಎಂದು ಆತನ ಹೆಂಡತಿ ಮುಳ್ಳು ಬಿಡಿಸಿ ತಟ್ಟೆಗೆ ಹಾಕುತ್ತಿದ್ದಳು.

ದೊಡ್ಡ ಹಡಗುಗಳಿಗೆ ಬಾಯಿ ಸಾಲದು, ಅಗಲ ಮಾಡಬೇಕು ಎಂದು ತೀರ್ಮಾನವಾಯಿತು. ಉತ್ತರಕ್ಕೋ ದಕ್ಷಿಣಕ್ಕೋ ಎಂಬುದು ತಳ ನೋಡಿ ಗೊತ್ತು ಮಾಡಬೇಕಿತ್ತು. ಉತ್ತರದ ಕಡೆ ಅಳೆದಾಗ ಎಲ್ಲ ಬಂಡೆ, ಸಿಡಿಮದ್ದು ಇಡದೆ ಆಗದು. ಆಮೇಲೆ ದೋಣಿ ದಕ್ಷಿಣಕ್ಕೆ ಬಂತು, ಪಲ್ಲೆಯ ಎದುರಿಗೆ. ದಡ ಹತ್ತಿರ. ಪಲ್ಲೆಯ ಜನ ಬಲೆ ರಿಪೇರಿ ಮಾಡುತ್ತಾ ದಡದಲ್ಲಿ ಕೂತಿದ್ದರು. ಮಾವ ಗುಂಡು ಬಿಟ್ಟರು, ಎಳೆದರು, ಬುಡ ನೋಡಿದರು. ಕೆಸರು. ಬೆಣ್ಣೆಯಂಥ ಕೆಸರು. ತೋಡುವ ಯಂತ್ರಕ್ಕೆ ಒಂದು ವರ್ಷದ ಕೆಲಸವೂ ಅಲ್ಲ.

"ಅಂಟಿದ್ ಕೆಸರ್ನ ತೊಡೆಗೆ ಒರೆಸ್ಕಂಡು ರಾಯಿ ಅಂತ ಕೂಗಿದ್ರೆ ಆಗೋದು. ಸಾಯೇಬ್ರು ಗುಂಡು ನೋಡ್ತಿರ್ಲಿಲ್ಲ, ನನ್ ಬಾಯ್ ನೋಡ್ತಿದ್ರು. ಹಂಗೆ ಐವತ್ ಕಡೆ ಒರೆಸ್ಬೇಕಾಗಿತ್ತು. ಆಮ್ಯಾಕೆ ಸಿಕ್ಕಾಕಂತಿದ್ನೋ ಏನೋ. ಗೊತ್ತಿಲ್ಲ. ನಾನು ಬುರದ ಅಂತ ಕೂಗ್ದೆ. ಎರಡು ದಿನ ಪೂರ್ತಿ ಅದೇ ಕೂಗ್ದೆ."

ಪಲ್ಲೆ ಎತ್ತಿಸಿದರು. ಸಮುದ್ರದಿಂದ ಒಂದು ಹರದಾರಿ ಒಳಗೆ ಸಾಲು ಮನೆ ಕೊಟ್ಟರು. ಅಲ್ಲಿಂದ ದೋಣಿಗಳನ್ನು ನೀರಿಗೆ ತರುವುದು ಹೇಗೆ? ಒಬ್ಬೊಬ್ಬರೇ ದೋಣಿ ಬಿಟ್ಟು ಕೂಲಿಗೆ ಹೋದರು. ಸಾಮಾನು ಹೊರುವ ದಿನ ಮಾವ ಕೈಜೋಡಿಸಲು ಹೋಗಿದ್ದರಂತೆ. ಮುದುಕ ಇವರ ಕೈಯಿಂದ ಮಡಕೆ ಇಸಿದುಕೊಂಡ. ಕೋಪ ಮಾಡಲಿಲ್ಲ. ಒಂದೇ ಮಾತು ಹೇಳಿದ. ಅದನ್ನು ಮಾವ ತೆಲುಗಿನಲ್ಲಿಯೇ ನನಗೆ ಹೇಳಿದರು.

"ನೀ ಗೊಂತು ಮಂಚಿದಿರಾ. ಒಡ್ಡುದಾಕಾ ಅಂತಾ ವಿನಪಡಿಂದಿ."

ನಿನ್ನ ಗಂಟಲು ಒಳ್ಳೆಯದಪ್ಪಾ, ದಡದವರೆಗೂ ಎಲ್ಲ ಕೇಳಿಸಿತು ಎಂದು.

ಮಾವ ಹುಣಸೆಯ ನಾರು ತೆಗೆದು ಪಕ್ಕಕ್ಕಿಟ್ಟರು. ಇದನ್ನು ಅತ್ತೆಗೂ ಹೇಳಿಲ್ಲವಂತೆ. ಆ ಮಕ್ಕಳಿಗೆ ಹೇಳೋಣ ಎಂದು ಒಂದು ವಾರ ಕೂತು ಯೋಚಿಸಿಕೊಂಡು ಬಂದಿದ್ದರಂತೆ. ಮಕ್ಕಳಿಗೇ ಯಾಕೆ ಎಂದು ಕೇಳಿದೆ.

"ದೊಡ್ಡೋರು ನಿಂದೇನ್ ತಪ್ಪು, ನಿನ್ ಕೆಲ್ಸ ನೀನ್ ಮಾಡ್ದೆ ಅಂತಾರೆ ಕಣ್ಲಾ. ಅದು ನಂಗ್ ಬ್ಯಾಡ. ಮಕ್ಳಾದ್ರೆ ಯಾಕ್ ಸುಳ್ ಹೇಳ್ಲಿಲ್ಲ ಅಂತ ನೆಟ್ಗೆ ಕೇಳ್ತವೆ. ಇವತ್ತಿನವರ್ಗೂ ನನ್ನ ಯಾರೂ ಕೇಳ್ಲಿಲ್ಲ."

ನಿನ್ನದೇನು ತಪ್ಪು ಮಾವ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ನುಂಗಿಕೊಂಡೆ. ಇಪ್ಪತ್ತು ವರ್ಷ ಅವರ ಕಥೆಗಳನ್ನು ಊರೂರಿಗೆ ಹಂಚಿದವನು ನಾನು. ಅವರನ್ನು ಒಂದು ಪ್ರಶ್ನೆಯನ್ನೂ ಕೇಳಿದವನಲ್ಲ.

"ಯಾಕೆ ಸುಳ್ಳು ಹೇಳ್ಲಿಲ್ಲ ಮಾವ?" ಎಂದೆ.

ಅವರು ಕೈಯಲ್ಲಿದ್ದ ಹಣ್ಣನ್ನು ಮೊರಕ್ಕೆ ಹಾಕಿದರು. ಬಿಡಿಸಿದ ಹಣ್ಣಿನ ಮೇಲೆ ಇರುವೆಗಳು ಬರತೊಡಗಿದ್ದವು.

"ಹೆದರ್ಕಂಡೆ ಕಣಪ್ಪ" ಎಂದರು. "ಹೊಸ ಕೆಲ್ಸ. ಹೋಗ್ಬುಟ್ರೆ ಅಂತ ಹೆದರ್ಕಂಡೆ. ಅಷ್ಟೇಯ."

ಹಾಗೆ ಹೇಳಿ, ಹುಣಸೆ ಅಂಟಿದ ಕೈಯನ್ನು ನನ್ನ ಮೊಣಕಾಲ ಮೇಲೆ ಇಟ್ಟರು. ಇಟ್ಟವರು ತೆಗೆಯಲಿಲ್ಲ. ಒಳಗೆ ಅತ್ತೆ ಎದ್ದು, ನನ್ನ ಬಸ್ಸಿಗೆ ಹೊತ್ತಾಯಿತು ಎಂದು ಎರಡು ಸಲ ಹೇಳಿದರು. ನಾನು ಏಳಲಿಲ್ಲ.